ಕೊರಲೆ ಕುಟ್ಟೋರು ಯಾರು? ಕೃಷಿ ಸಂಶೋಧನೆಯ ದಾರಿ ತೀರ್ಮಾನಿಸುವವರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ಕೃಷಿ ವಿಶ್ವವಿದ್ಯಾಲಯಗಳ ಕುಲಪತಿಗಳಿಗೆ, ಸಂಶೋಧನಾ ನಿರ್ದೇಶಕರಿಗೆ, ಕೃಷಿ ಇಲಾಖೆಯ ಹಿರಿಯ ಅಧಿಕಾರಿಗಳಿಗೆ, ದೆಹಲಿಯಲ್ಲಿ ಕೂತು ಒಣಭೂಮಿಯ ಸಂಶೋಧನೆಗೆ ದುಡ್ಡು ಹಂಚುವ ಎಲ್ಲರಿಗೂ,

ನಮಸ್ಕಾರ.

ನಾನು ಶಿರಾ ಸೀಮೆಯ ರೈತ ಮಹಿಳೆ. ಮದುವೆಯಾಗಿ ಈ ಊರಿಗೆ ಬಂದು ಇಪ್ಪತ್ತೆರಡು ವರ್ಷ ಆಯಿತು. ನಾಲ್ಕು ಎಕರೆ ಕೆಮ್ಮಣ್ಣಿನ ಹೊಲ, ಮೂರು ಹಸು, ಬದುವಿನಲ್ಲಿ ಎರಡು ಹುಣಿಸೆ ಮರ. ಬೋರ್‌ವೆಲ್ ಇತ್ತು, ಬತ್ತಿ ಎಂಟು ವರ್ಷವಾಯಿತು. ಈಗ ಮಳೆಯನ್ನೇ ನಂಬಿ ರಾಗಿ, ಸಾಮೆ, ಕೊರಲೆ, ತೊಗರಿ, ಅವರೆ ಬೆಳೆಯುತ್ತೇವೆ. ನಿಮ್ಮ ಯೋಜನೆಯ ಕಾಗದಗಳಲ್ಲಿ ‘ಒಣಭೂಮಿಯ ಸಣ್ಣ ರೈತರು’ ಅಂತ ಬರುತ್ತಲ್ಲ, ಅದು ನಾವೇ.

ಹೋದ ವರ್ಷ ಒಂದು ಸಭೆಗೆ ನಮ್ಮನ್ನು ಕರೆದಿದ್ದರು. ಮುಂದಿನ ಐದು ವರ್ಷ ಯಾವ ಯಾವ ಸಂಶೋಧನೆ ಮಾಡಬೇಕು ಅಂತ ತೀರ್ಮಾನಿಸುವ ಸಭೆ. ಯಾವ ಸಂಸ್ಥೆ ಅಂತ ಹೇಳುವುದಿಲ್ಲ. ಒಬ್ಬರ ಮೇಲೆ ದೂರು ಹೇಳೋಕೆ ಈ ಪತ್ರ ಬರೆಯುತ್ತಿಲ್ಲ. ರೈತರು ಹದಿನೈದು ಜನ ಇದ್ದೆವು, ಅದರಲ್ಲಿ ಹೆಂಗಸರು ಮೂವರು. ಹೋಗಿ ಕೂತಾಗಲೇ ಕೈಗೆ ಒಂದು ಪಟ್ಟಿ ಕೊಟ್ಟರು. ಇಪ್ಪತ್ತೊಂದು ವಿಷಯ, ಎಲ್ಲ ಇಂಗ್ಲಿಷಿನಲ್ಲಿ. ಒಬ್ಬರು ಮೇಡಂ ಪಾಪ, ಒಂದೊಂದನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿದರು. ಕೊನೆಗೆ ‘ಏನಾದರೂ ಹೇಳೋದಿದೆಯಾ’ ಅಂತ ಕೇಳಿದರು.

ನಮ್ಮ ಊರಿನ ಒಬ್ಬ ಅಜ್ಜಿ ಎದ್ದು ನಿಂತಳು. ಎಪ್ಪತ್ತರ ಮೇಲೆ ವಯಸ್ಸು. ‘ಸ್ವಾಮಿ, ಬೆಳೆಯೋದೇನೋ ಬೆಳೀತೀವಿ. ಕೊರಲೆ ಕುಟ್ಟೋರು ಯಾರು?’ ಅಂದಳು. ಅಷ್ಟೇ. ಕೆಲವರು ನಕ್ಕರು. ‘ಒಳ್ಳೇ ಪ್ರಶ್ನೆ’ ಅಂತ ಯಾರೋ ಅಂದರು. ಆಮೇಲೆ ಊಟಕ್ಕೆ ಬಿಟ್ಟರು. ಎರಡು ತಿಂಗಳ ಮೇಲೆ ಕೊನೆಯ ಪಟ್ಟಿ ನೋಡಿದೆ. ಅದೇ ಇಪ್ಪತ್ತೊಂದು ವಿಷಯ. ಅಜ್ಜಿಯ ಪ್ರಶ್ನೆ ಅದರಲ್ಲಿ ಇರಲಿಲ್ಲ.

ಅವತ್ತಿನಿಂದ ಆ ಪ್ರಶ್ನೆ ನನ್ನ ತಲೆಯಲ್ಲೇ ಕೂತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಕೊರಲೆ ಎಷ್ಟೋ ಜನಕ್ಕೆ ಗೊತ್ತಿರಲಿಕ್ಕಿಲ್ಲ. ತುಮಕೂರು, ಚಿತ್ರದುರ್ಗ, ಚಿಕ್ಕಬಳ್ಳಾಪುರದ ಕಡೆ, ಆಂಧ್ರದ ಗಡಿಗೆ ಹೊಂದಿಕೊಂಡ ಹೊಲಗಳಲ್ಲಿ ಬೆಳೆಯುವ ಕಿರುಧಾನ್ಯ. ಹುಣಿಸೆ ಮರದ ನೆರಳಲ್ಲಿ ಬೇರೆ ಏನೂ ಸರಿಯಾಗಿ ಬರುವುದಿಲ್ಲ, ಕೊರಲೆ ಬರುತ್ತದೆ. ಎರಡೂವರೆ, ಮೂರು ತಿಂಗಳಿಗೆ ಕೊಯ್ಲು. ಮುಂಗಾರು ಕೈ ಕೊಟ್ಟು ರಾಗಿಯ ಹದ ತಪ್ಪಿದರೂ ಕೊರಲೆ ಚೆಲ್ಲಿದರೆ ಮನೆಗೆ ಅಷ್ಟು ಕಾಳು, ದನಕ್ಕೆ ಅಷ್ಟು ಹುಲ್ಲು ಗ್ಯಾರಂಟಿ. ನಮ್ಮಂಥ ಸೀಮೆಗೆ ಇದಕ್ಕಿಂತ ಒಳ್ಳೇ ಬೆಳೆ ಯಾವುದಿದೆ ಹೇಳಿ?

ಆದರೆ ರಾಗಿಯ ಹಾಗಲ್ಲ ಇದು. ರಾಗಿಗೆ ಗಟ್ಟಿ ಹೊಟ್ಟಿಲ್ಲ. ತೊಳೆದು ಒಣಗಿಸಿ ಮಿಲ್ಲಿಗೆ ಹಾಕಿದರೆ ಹಿಟ್ಟು. ಕೊರಲೆ, ಸಾಮೆ, ಊದಲು, ಹಾರಕ ಹಾಗಲ್ಲ, ಮೈಗೆ ಅಂಟಿಕೊಂಡ ಗಟ್ಟಿ ಸಿಪ್ಪೆ ಇದೆ. ಅದರಲ್ಲೂ ಕೊರಲೆಯದ್ದು ಬಹಳ ಹಟಮಾರಿ ಸಿಪ್ಪೆ. ನನ್ನ ಅತ್ತೆ ಬೀಸೋ ಕಲ್ಲಿಗೆ ಕೆಮ್ಮಣ್ಣು ಮೆತ್ತಿ ಒಣಗಿಸುತ್ತಿದ್ದರು. ಬರೀ ಕಲ್ಲಾದರೆ ಕಾಳು ನುಚ್ಚಾಗುತ್ತದೆ. ಮಣ್ಣಿನ ಮೈಗೆ ಉಜ್ಜಿದರೆ ಸಿಪ್ಪೆ ಮಾತ್ರ ಬಿಡುತ್ತದೆ. ಒಂದು ಸುತ್ತು ಬೀಸಿ, ಮೊರದಲ್ಲಿ ಕೇರಿ, ಸಿಪ್ಪೆ ಬಿಡದ ಕಾಳನ್ನು ಬೇರೆ ಮಾಡಿ, ಮತ್ತೆ ಬೀಸಿ, ಮತ್ತೆ ಕೇರಿ, ಕೊನೆಗೆ ಒರಳಿಗೆ ಹಾಕಿ ಒನಕೆಯಲ್ಲಿ ಹಗುರಾಗಿ ಕುಟ್ಟಬೇಕು. ಜೋರಾಗಿ ಕುಟ್ಟಿದರೆ ಪುಡಿ, ಮೆಲ್ಲಗೆ ಕುಟ್ಟಿದರೆ ಸಿಪ್ಪೆ ಹಾಗೇ. ಅತ್ತೆಯ ಕೈಗೆ ಆ ಅಳತೆ ಗೊತ್ತಿತ್ತು. ನನಗೆ ಇವತ್ತಿಗೂ ಪೂರ್ತಿ ಬಂದಿಲ್ಲ. ಎರಡು ಸೇರು ಕೊರಲೆ ಅಕ್ಕಿಯಾಗಬೇಕಾದರೆ ಇಬ್ಬರು ಹೆಂಗಸರಿಗೆ ಒಂದು ಬೆಳಗ್ಗೆ ಪೂರ್ತಿ ಹೋಗುತ್ತಿತ್ತು. ಅದೂ ಹಸು ಹಿಂಡಿ, ಕಸ ಗುಡಿಸಿ, ಮಕ್ಕಳನ್ನು ಶಾಲೆಗೆ ಕಳಿಸಿದ ಮೇಲೆ.

ರೇಷನ್ ಅಕ್ಕಿ ಬಂತು. ನೆನೆಸೋದು, ಬೇಯಿಸೋದು, ಬಡಿಸೋದು, ಅಷ್ಟೇ ಕೆಲಸ. ಯಾವ ಹೆಂಗಸು ಒನಕೆ ಹಿಡಿದಾಳು? ನಮ್ಮ ಕಡೆ ಕಿರುಧಾನ್ಯ ಕಡಿಮೆಯಾಗಿದ್ದಕ್ಕೆ ನಾಲಿಗೆ ಬದಲಾಯಿತು, ಜನಕ್ಕೆ ಶೋಕಿ ಬಂತು ಅಂತ ಭಾಷಣಗಳಲ್ಲಿ ಹೇಳುತ್ತಾರೆ. ನಾನು ನೋಡಿದ್ದು ಬೇರೆ. ನಾಲಿಗೆಗಿಂತ ಮೊದಲು ಸೋತಿದ್ದು ತೋಳು. ಇಳುವರಿ ಸಾಲದೆ ಸಾಮೆ ಬಿಟ್ಟವರು ನಮ್ಮೂರಲ್ಲಿ ಕಡಿಮೆ. ಕುಟ್ಟಲಾರದೆ ಬಿಟ್ಟವರು ಜಾಸ್ತಿ.

ಭಾರತದ ಮಾತಿನ ಮೇಲೆ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಅಂತ ಘೋಷಿಸಿತು. ಮೇಳಗಳಾದವು, ಪೇಟೆಯಲ್ಲಿ ಹೊಸ ಹೊಸ ಪೊಟ್ಟಣಗಳು ಬಂದವು. ಒಳ್ಳೆಯದೇ. ನಮ್ಮ ರಾಜ್ಯದ ರೈತ ಸಿರಿ ಯೋಜನೆಯಲ್ಲಿ ಕಿರುಧಾನ್ಯ ಬೆಳೆದವರಿಗೆ ಹೆಕ್ಟೇರಿಗೆ 10,000 ರೂಪಾಯಿ ಕೊಟ್ಟರು. ಅದೂ ಒಳ್ಳೆಯದೇ. ನಾವೂ ಹುಮ್ಮಸ್ಸಿನಿಂದ ಒಂದೂವರೆ ಎಕರೆ ಕೊರಲೆ ಹಾಕಿದೆವು. ಬೆಳೆ ಬಂತು. ಆಮೇಲೆ ಸಿಪ್ಪೆ ಬಿಡಿಸುವ ಯಂತ್ರ ಹುಡುಕಿಕೊಂಡು ಐವತ್ತೈದು ಕಿಲೋಮೀಟರ್ ಹೋದೆವು. ಆ ಯಂತ್ರ ಸಾಮೆಗೆ ಮಾಡಿದ್ದು. ಕೊರಲೆ ಹಾಕಿದರೆ ಒಂದಿಷ್ಟು ನುಚ್ಚು, ಒಂದಿಷ್ಟು ಸಿಪ್ಪೆ ಸಮೇತ ಹಾಗೇ, ಮಿಕ್ಕಿದ್ದು ಅಕ್ಕಿ. ಕೊನೆಗೆ ಸಿಪ್ಪೆ ಸಮೇತವೇ ವ್ಯಾಪಾರಿಗೆ ಕೊಟ್ಟು ಬಂದೆವು. ಅವನು ಕೊಟ್ಟ ರೇಟಿಗೂ ಅಂಗಡಿಯಲ್ಲಿ ಪೊಟ್ಟಣದ ಮೇಲೆ ಬರೆದಿರುವ ರೇಟಿಗೂ ಇರುವ ಅಂತರ ನಿಮಗೆ ಗೊತ್ತಿರುವುದೇ. ನಾವು ಬೆಳೆದ ಕೊರಲೆಯನ್ನು ನಮ್ಮ ಮಕ್ಕಳು ಆ ವರ್ಷ ತಿನ್ನಲಿಲ್ಲ. ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತದೆ.

ನಮ್ಮ ಮಕ್ಕಳಿಗೆ ಆ ಕಾಳು ಬೇಕಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ 100 ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. 65 ಮಕ್ಕಳಿಗೆ ರಕ್ತಹೀನತೆ. ಇದು ಕಾಳು ಬೆಳೆಯುವ ಸೀಮೆಯ ಮಕ್ಕಳ ಲೆಕ್ಕವೂ ಹೌದು. ಬೆಳೆದದ್ದು ತಟ್ಟೆಗೆ ಬರುವ ದಾರಿ ಎಲ್ಲಿ ಕಟ್ಟಿದೆ ಅಂತ ಹುಡುಕುವುದೂ ಸಂಶೋಧನೆಯೇ ಅಲ್ವಾ?

ಹಾಗಾದರೆ ಏನು ಬೇಕು? ಸಿಂಗಲ್ ಫೇಸ್ ಕರೆಂಟಿನಲ್ಲಿ ಓಡುವ ಸಣ್ಣ ಯಂತ್ರ. ಕೊರಲೆಗೂ ಆಗಬೇಕು, ಸಾಮೆಗೂ ಆಗಬೇಕು. ಹತ್ತು ಕೆಜಿ ಒಯ್ದರೂ ಮಾಡಿಕೊಡುವಂತಿರಬೇಕು, ಯಾಕೆಂದರೆ ನಮ್ಮ ಮನೆಗೆ ಬೇಕಾಗುವುದು ಅಷ್ಟೇ. ಸ್ತ್ರೀಶಕ್ತಿ ಸಂಘದವರು ಸಾಲ ಮಾಡಿ ಕೊಳ್ಳುವ ಬೆಲೆಯಲ್ಲಿರಬೇಕು. ಕೆಟ್ಟರೆ ಶಿರಾದ ಲೇತ್ ಅಂಗಡಿಯಲ್ಲೇ ರಿಪೇರಿ ಆಗಬೇಕು. ಮೈಸೂರಿನಲ್ಲಿ 1950ರಿಂದ ಸಿಎಫ್‌ಟಿಆರ್‌ಐ, ಅಂದರೆ ಆಹಾರ ತಂತ್ರಜ್ಞಾನದ ಕೇಂದ್ರ ಸಂಶೋಧನಾ ಸಂಸ್ಥೆ, ಇದೆ. ಕೃಷಿ ವಿಶ್ವವಿದ್ಯಾಲಯಗಳಲ್ಲಿ ಎಂಜಿನಿಯರಿಂಗ್ ಓದಿದ ಚುರುಕು ಹುಡುಗ ಹುಡುಗಿಯರಿದ್ದಾರೆ. ನನ್ನ ಅತ್ತೆ ಮಣ್ಣು ಮೆತ್ತಿದ ಕಲ್ಲಿನಲ್ಲಿ ಮಾಡಿದ್ದನ್ನು ಇವರ ಕೈಲಿ ಯಂತ್ರದಲ್ಲಿ ಮಾಡೋಕೆ ಆಗಲ್ಲ ಅಂದರೆ ನಾನು ನಂಬುವುದಿಲ್ಲ. ಇದನ್ನು ಪಟ್ಟಿಯ ಮೊದಲ ಸಾಲಿನಲ್ಲಿ ಯಾರೂ ಬರೆದಿಲ್ಲ, ಅಷ್ಟೇ.

ನೀವು ಏನೂ ಮಾಡಿಲ್ಲ ಅಂತ ಹೇಳುತ್ತಿಲ್ಲ. ಹಾಗೆ ಹೇಳಿದರೆ ಅನ್ನಕ್ಕೆ ದ್ರೋಹ. ಧಾತು ಈಶ್ವರ ಸಂವತ್ಸರದ ಬರ, ಅಂದರೆ 1876-78ರ ಬರ, ಮೈಸೂರು ಸೀಮೆಯಲ್ಲಿ ಲಕ್ಷಗಟ್ಟಲೆ ಜನರನ್ನು ನುಂಗಿತು. ಅದರ ನೆನಪು ಇನ್ನೂ ಹಸಿಯಾಗಿದ್ದಾಗ, 1899ರಲ್ಲಿ, ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ ಪ್ರಯೋಗದ ತಾಕಿಗೆ 30 ಎಕರೆ ಜಮೀನು ಕೊಟ್ಟರು. ಈ ನಾಡಿನ ಕೃಷಿ ಸಂಶೋಧನೆಯ ಬೇರು ಅಲ್ಲಿದೆ.

ಆಮೇಲೆ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ಮಾಡಿದ ಕೆಲಸ. ನಮ್ಮ ಕಡೆ ಅವರನ್ನು ‘ರಾಗಿ ಲಕ್ಷ್ಮಣಯ್ಯ’ ಅಂತಲೇ ನೆನೆಯುತ್ತಾರೆ. ರಾಗಿಯ ಹೂವು ಕಣ್ಣಿಗೆ ಕಾಣದಷ್ಟು ಸಣ್ಣದು. ತನ್ನಲ್ಲೇ ಪರಾಗಸ್ಪರ್ಶ ಮಾಡಿಕೊಂಡು ಮುಗಿಸಿಬಿಡುತ್ತದೆ. ಅದನ್ನು ಬಿಡಿಸಿ, ಇನ್ನೊಂದು ತಳಿಯ ಜೊತೆ ಕೂಡಿಸುವುದೆಂದರೆ ಎಷ್ಟು ತಾಳ್ಮೆ ಬೇಕು ಯೋಚನೆ ಮಾಡಿ. ಅವರು ನಮ್ಮ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿದರು. ಇಂಡಿಯಾ, ಆಫ್ರಿಕಾ ಸೇರಿ ‘ಇಂಡಾಫ್’ ಆಯಿತು. ಒಂದೇ ತಳಿ ಮಾಡಿ ಸುಮ್ನೆ ಕೂರಲಿಲ್ಲ. ಬೇಗ ಬರುವ ಮಳೆಗೊಂದು, ತಡವಾದರೆ ಇನ್ನೊಂದು, ಬೇಸಿಗೆ ನೀರಾವರಿಗೆ ಮತ್ತೊಂದು. ಅದೆಲ್ಲ ರೈತನ ಕ್ಯಾಲೆಂಡರ್ ನೋಡಿ ಮಾಡಿದ ಕೆಲಸ. ಬೆಂಕಿ ರೋಗ ತೆನೆಯ ಕುತ್ತಿಗೆಗೇ ಬಂದು ಅರ್ಧ ಹೊಲ ಜೊಳ್ಳಾಗುತ್ತಿದ್ದಾಗ ಅದನ್ನು ತಡೆಯುವ ಜಿಪಿಯು-28 ರಾಗಿ ತಳಿ ಬಂತು. ಇವತ್ತಿಗೂ ನಮ್ಮ ಹೊಲದಲ್ಲಿ ಅದೇ. ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಕರ್ನಾಟಕದಲ್ಲೇ ಬೆಳೆಯುತ್ತದೆ ಅಂದರೆ ಅದರಲ್ಲಿ ಈ ಕೆಲಸದ ಪಾಲು ದೊಡ್ಡದು.

ಕಲಬುರಗಿ ಕಡೆಯವರನ್ನು ಕೇಳಿ, ‘ಮಾರುತಿ’ ತೊಗರಿಯ ಹೆಸರು ಹೇಳುತ್ತಾರೆ. ಬೆಳೆದು ನಿಂತ ತೊಗರಿ ನೆಟೆ ರೋಗಕ್ಕೆ ಒಣಗಿ ನಿಲ್ಲುತ್ತಿದ್ದ ಕಾಲದಲ್ಲಿ, 1986ರಲ್ಲಿ ಆ ತಳಿ ಬಿಡುಗಡೆಯಾಯಿತು. ಹೈದರಾಬಾದ್ ಹತ್ತಿರದ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನವರು ಹೊಲಗಳಿಂದ ತಂದ ಬೀಜಗಳಲ್ಲೇ ರೋಗ ತಡೆಯುವ ಗಿಡವನ್ನು ಹುಡುಕಿ ತೆಗೆದದ್ದು. 2018ರಲ್ಲಿ ಮುಸುಕಿನ ಜೋಳಕ್ಕೆ ಬಂದ ಫಾಲ್ ಸೈನಿಕ ಹುಳವನ್ನು ಇಡೀ ದೇಶದಲ್ಲಿ ಮೊದಲು ಗುರುತಿಸಿದ್ದು ಶಿವಮೊಗ್ಗದ ಕೃಷಿ ವಿಜ್ಞಾನಿಗಳು. ಹೊಲದ ಹತ್ತಿರ ಇದ್ದವರಿಗೆ ಬೇಗ ಕಾಣುತ್ತದೆ. ನನ್ನ ಮಾತೂ ಇಷ್ಟೇ. ನೀವು ಹೊಲದ ಹತ್ತಿರ ಬಂದಾಗಲೆಲ್ಲ ನಮಗೆ ಒಳ್ಳೆಯದೇ ಆಗಿದೆ.

ಈಗ ಅಕ್ಕಡಿಯ ವಿಷಯ, ಅಂದರೆ ಒಂದೇ ಹೊಲದಲ್ಲಿ ರಾಗಿಯ ಜೊತೆ ಸಾಲು ಬಿಟ್ಟು ಬೇರೆ ಬೆಳೆಗಳನ್ನೂ ಬೆಳೆಯುವ ಪದ್ಧತಿ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಮದುವೆಯಾಗಿ ಬಂದ ವರ್ಷ ನಮ್ಮ ರಾಗಿ ಹೊಲ ಹೀಗಿತ್ತು: ಕೂರಿಗೆಯಲ್ಲಿ ಮಾವ ರಾಗಿ ಬಿತ್ತುತ್ತಿದ್ದರು. ಹಿಂದೆ ಸಡ್ಡೆ, ಅಂದರೆ ಬೀಜ ಬಿಡುವ ಕೊಳವೆ, ಹಿಡಿದು ಅತ್ತೆ ಅಕ್ಕಡಿ ಬೀಜ ಬಿಡುತ್ತಾ ಬರುತ್ತಿದ್ದರು. ಇಷ್ಟು ಸಾಲು ರಾಗಿಗೆ ಒಂದು ಸಾಲು ಅವರೆ, ಮತ್ತೊಂದು ಕಡೆ ತೊಗರಿ. ನಡುನಡುವೆ ಅಲಸಂದೆ, ಒಂದಿಷ್ಟು ಜೋಳ. ಬದುವಿನ ಸುತ್ತ ಹರಳು, ಹುಚ್ಚೆಳ್ಳು. ಅಲ್ಲಲ್ಲಿ ಸಾಸಿವೆ. ರಾಗಿ ಕಟಾವಾದ ಮೇಲೂ ಹೊಲ ಖಾಲಿ ಆಗುತ್ತಿರಲಿಲ್ಲ. ಮಂಜು ಬೀಳುವ ಕಾಲಕ್ಕೆ ಅವರೆ ಸೊಗಡು ಬಿಟ್ಟುಕೊಂಡು ನಿಲ್ಲುತ್ತಿತ್ತು. ಹುಚ್ಚೆಳ್ಳಿನ ಹಳದಿ ಹೂವಿಗೆ ಜೇನು ಮುತ್ತುತ್ತಿತ್ತು. ಒಂದು ಹೊಲದಿಂದ ಮುದ್ದೆ, ಸಾರು, ಒಗ್ಗರಣೆ, ದೀಪದ ಎಣ್ಣೆ, ಚಟ್ನಿಪುಡಿ ಎಲ್ಲವೂ ಬರುತ್ತಿತ್ತು. ಮಳೆ ಹೆಚ್ಚುಕಡಿಮೆ ಆದರೆ ಒಂದು ಹೋದರೂ ಇನ್ನೊಂದು ಕೈ ಹಿಡಿಯುತ್ತಿತ್ತು. ಕಾಳಿನ ಗಿಡ ಮಣ್ಣಿಗೆ ಸಾರಜನಕ ಕೊಡುತ್ತದೆ ಅಂತ ನೀವೇ ನಮಗೆ ಹೇಳಿಕೊಟ್ಟಿದ್ದೀರಿ.

ಈಗ ನಮ್ಮೂರ ಹೊಲಗಳನ್ನು ನೋಡಿ. ಮುಕ್ಕಾಲು ಪಾಲು ಬರೀ ರಾಗಿ. ಯಾಕೆ? ರೈತರು ಮರೆತರು ಅಂತ ಹೇಳಿಬಿಡೋದು ಸುಲಭ. ಮರೆತಿಲ್ಲ ಸ್ವಾಮಿ. ಟ್ರ್ಯಾಕ್ಟರ್ ಕೂರಿಗೆಯಲ್ಲಿ ಒಂದೇ ಪೆಟ್ಟಿಗೆ, ಒಂದೇ ಬೀಜ. ಎತ್ತು ಇಲ್ಲ, ಸಡ್ಡೆ ಹಿಡಿಯುವ ಕೈ ಇಲ್ಲ. ಕಳೆ ಕೀಳೋಕೆ ಆಳು ಸಿಗುವುದಿಲ್ಲ. ಸಿಕ್ಕರೂ ಕೂಲಿ ಕೊಟ್ಟು ಪೂರೈಸುವುದಿಲ್ಲ. ಅದಕ್ಕೇ ಕಳೆನಾಶಕ ಹೊಡೆಯುತ್ತಾರೆ. ಅಗಲ ಎಲೆಯ ಕಳೆಗೆ ಹೊಡೆದ ಔಷಧಿ ಅಗಲ ಎಲೆಯ ಅವರೆಯನ್ನು ಬಿಡುತ್ತಾ? ತೊಗರಿಯನ್ನು ಬಿಡುತ್ತಾ? ಕೊಯ್ಲಿಗೆ ದೊಡ್ಡ ಯಂತ್ರ ಬಂದರೆ ನಡುವೆ ತೊಗರಿ ನಿಂತಿರಬಾರದು. ಹೀಗೆ ಒಂದೊಂದು ಉಪಕರಣವೂ ಒಂದೊಂದು ಬೆಳೆಯನ್ನು ಹೊಲದಿಂದ ಆಚೆ ಹಾಕಿತು. ಯಾರೂ ಬೇಕಂತ ಮಾಡಿದ್ದಲ್ಲ. ಆದರೆ ಆ ಉಪಕರಣಗಳನ್ನು ಮಾಡುವಾಗ ‘ಅಕ್ಕಡಿ ಏನಾಗುತ್ತೆ’ ಅಂತ ಯಾರೂ ಕೇಳಲಿಲ್ಲ.

ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಹಾಕಿ ಅಂತ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಶಿಫಾರಸು ಮಾಡಿದ್ದಾರೆ. ಒಳ್ಳೆಯ ಶಿಫಾರಸು, ಅದು ನಮ್ಮ ಅಕ್ಕಡಿಯದೇ ದಾರಿ. ಆದರೆ ಅಲ್ಲಿಗೆ ನಿಲ್ಲಬೇಡಿ. ಎರಡು ಮೂರು ಪೆಟ್ಟಿಗೆಯ ಕೂರಿಗೆ ಬೇಕು, ಸಣ್ಣ ಟ್ರ್ಯಾಕ್ಟರಿಗೂ ಪವರ್ ಟಿಲ್ಲರಿಗೂ ಕಟ್ಟುವಂಥದ್ದು. ಸಾಲಿನ ನಡುವೆ ಓಡಿಸುವ ಹಗುರ ಎಡೆಕುಂಟೆ ಬೇಕು, ಹೆಂಗಸರ ಕೈಗೆ ಒಗ್ಗುವಂಥದ್ದು. ಇವತ್ತಿರುವ ಎಷ್ಟೋ ಉಪಕರಣಗಳ ಹಿಡಿ ನನ್ನ ಎದೆ ಮಟ್ಟಕ್ಕೆ ಬರುತ್ತದೆ. ಒಂದು ಗಂಟೆ ತಳ್ಳಿದರೆ ರಾತ್ರಿ ಭುಜ ಎತ್ತೋಕೆ ಆಗುವುದಿಲ್ಲ. ರಾಗಿ ತಳಿಯ ಪ್ರಯೋಗ ಮಾಡುವಾಗ ಬರೀ ರಾಗಿಯ ತಾಕಿನಲ್ಲಿ ಅಷ್ಟೇ ನೋಡಬೇಡಿ. ಅವರೆಯ ಪಕ್ಕದಲ್ಲಿ ನಿಲ್ಲಿಸಿ ನೋಡಿ. ಒಂಟಿಯಾಗಿ ಚೆನ್ನಾಗಿ ಬರುವ ತಳಿ ಬೇರೆ, ನೆಂಟರ ಜೊತೆ ಹೊಂದಿಕೊಂಡು ಬರುವ ತಳಿ ಬೇರೆ. ನಮಗೆ ಎರಡನೆಯದು ಬೇಕು.

ಹಾವೇರಿ ಕಡೆಯ ಗುಳಿ ರಾಗಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅಡಿ ಒಂದೂವರೆ ಅಡಿ ಅಂತರದಲ್ಲಿ ಗುಳಿ ಮಾಡಿ, ಗೊಬ್ಬರ ಹಾಕಿ, ಪೈರು ನೆಟ್ಟು, ಬೇರು ಹಿಡಿದ ಮೇಲೆ ಅದರ ಮೇಲೆ ಕೊರಡು ಎಳೆಯುತ್ತಾರೆ. ಹೊಸಬರಿಗೆ ಎದೆ ಧಸಕ್ ಅನ್ನುತ್ತದೆ. ಬಗ್ಗಿದ ಪೈರು ತೆಂಡೆ ಮೇಲೆ ತೆಂಡೆ ಒಡೆದು ಪೊದೆಯಾಗಿ ಏಳುತ್ತದೆ. ಇದನ್ನು ಯಾವ ಸಂಸ್ಥೆಯೂ ಕಂಡುಹಿಡಿಯಲಿಲ್ಲ, ರೈತರೇ ಮಾಡಿಕೊಂಡದ್ದು. ಇಂಥವು ಇನ್ನೂ ಎಷ್ಟು ಊರುಗಳಲ್ಲಿ ಇವೆಯೋ. ಹುಡುಕಿ ಅಳೆದು ಬರೆದಿಡೋಕೆ ಒಂದಿಷ್ಟು ದುಡ್ಡು ತೆಗೆದಿಡಿ.

ಹುಲ್ಲಿನ ಮಾತು. ಹೊಸ ತಳಿ ಬಂದಾಗ ಎಕರೆಗೆ ಎಷ್ಟು ಕ್ವಿಂಟಾಲ್ ಅಂತ ಹೇಳುತ್ತೀರಿ. ನಮ್ಮ ಮನೆಯಲ್ಲಿ ಮೊದಲ ಪ್ರಶ್ನೆ ‘ಹುಲ್ಲು ಎಷ್ಟು ಬರುತ್ತೆ?’ ರಾಗಿ ದುಡ್ಡು ವರ್ಷಕ್ಕೊಮ್ಮೆ, ಡೈರಿ ದುಡ್ಡು ತಿಂಗಳು ತಿಂಗಳೂ ಬರುತ್ತದೆ. ಮಕ್ಕಳ ಫೀಸು, ಔಷಧಿ, ಸೋಪು ಎಲ್ಲ ಹಾಲಿನಿಂದಲೇ. ಆ ಹಾಲು ನಿಂತಿರುವುದು ರಾಗಿ ಹುಲ್ಲಿನ ಬಣವೆಯ ಮೇಲೆ. ಗಿಡ್ಡ ತಳಿಯಲ್ಲಿ ಎರಡು ಕ್ವಿಂಟಾಲ್ ಜಾಸ್ತಿ ಬಂದು ಬಣವೆ ಅರ್ಧಕ್ಕಿಳಿದರೆ ನಮಗೆ ನಷ್ಟ. ಕೊಟ್ಟಿಗೆ ಗೊಬ್ಬರ ಬರುವುದೂ ಅಲ್ಲಿಂದಲೇ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಒಣಭೂಮಿ ಕೇಂದ್ರದಲ್ಲಿ 1978ರಲ್ಲಿ ಶುರು ಮಾಡಿ ದಶಕಗಟ್ಟಲೆ ನಡೆಸಿದ ಗೊಬ್ಬರದ ಪ್ರಯೋಗ ಇದನ್ನೇ ತೋರಿಸಿತು. ಬರೀ ರಸಗೊಬ್ಬರದ ತಾಕಿಗಿಂತ ಕೊಟ್ಟಿಗೆ ಗೊಬ್ಬರವನ್ನೂ ಸೇರಿಸಿದ ತಾಕಿನಲ್ಲಿ ಇಳುವರಿ ಗಟ್ಟಿಯಾಗಿ ನಿಂತಿತು. ಎರಡು ಮೂರು ವರ್ಷ ನೋಡಿ ಮುಚ್ಚಿದ್ದರೆ ಈ ವಿಷಯ ಇಷ್ಟು ಸ್ಪಷ್ಟವಾಗಿ ತಿಳಿಯುತ್ತಿರಲಿಲ್ಲ. ದಯವಿಟ್ಟು ಅಂಥ ಪ್ರಯೋಗಗಳಿಗೆ ದುಡ್ಡು ನಿಲ್ಲಿಸಬೇಡಿ. ಮಣ್ಣು ನಿಧಾನವಾಗಿ ಕೆಡುತ್ತದೆ, ನಿಧಾನವಾಗಿಯೇ ಸುಧಾರಿಸುತ್ತದೆ. ಮೂರು ವರ್ಷದ ಪ್ರಾಜೆಕ್ಟಿಗೆ ಅದು ಸಿಕ್ಕುವುದಿಲ್ಲ.

ಬೀಜದ ಬಗ್ಗೆ ಒಂದೇ ಉದಾಹರಣೆ ಸಾಕು. ಪಾವಗಡ, ಚಳ್ಳಕೆರೆ ಕಡೆ ಕಡಲೆಕಾಯಿ ಬೆಳೆಯುವವರು ಟಿಎಂವಿ-2 ತಳಿಯನ್ನು ಕೈಬಿಡದೆ ಬಂದಿದ್ದಾರೆ. ಅದು ಬಿಡುಗಡೆಯಾಗಿದ್ದು 1940ರಲ್ಲಿ! ಆಮೇಲೆ ಎಷ್ಟೋ ಹೊಸ ತಳಿಗಳು ಬಂದವು. ರಾಗಿಯಾದರೆ ಎಕರೆಗೆ ನಾಲ್ಕೈದು ಕೆಜಿ ಬೀಜ ಸಾಕು, ಒಬ್ಬ ಬೆಳೆದರೆ ಊರಿಗೇ ಹಂಚಬಹುದು. ಕಡಲೆಕಾಯಿಗೆ ಎಕರೆಗೆ ಅದರ ಹತ್ತು ಪಟ್ಟು ಬೀಜ ಬೇಕು, ಬಿತ್ತಿದ್ದಕ್ಕೆ ಬರುವುದು ಕೆಲವೇ ಪಟ್ಟು. ಹೊಸ ತಳಿ ಪುಸ್ತಕದಲ್ಲಿ ಉಳಿಯುತ್ತದೆ, ಬೀಜ ಹೊಲ ತಲುಪುವುದಿಲ್ಲ. ಬೀಜ ಊರಿಂದೂರಿಗೆ ಹೇಗೆ ಹರಡುತ್ತದೆ, ಯಾರು ಇಟ್ಟುಕೊಳ್ಳುತ್ತಾರೆ, ಯಾರು ಕೊಡುತ್ತಾರೆ ಅನ್ನುವುದನ್ನೂ ಸಂಶೋಧನೆ ಅಂತ ಒಪ್ಪಿಕೊಳ್ಳಿ. ಬೀಜ ಇಟ್ಟುಕೊಳ್ಳುವ, ಹಂಚಿಕೊಳ್ಳುವ ಹಕ್ಕನ್ನು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯೇ ನಮಗೆ ಕೊಟ್ಟಿದೆ.

ಕೂಡಿಡುವ ವಿಷಯವೂ ಇದೆ. ನಮ್ಮ ಹಳೇ ಮನೆಯ ಮುಂದೆ ರಾಗಿ ಹಗೇವು ಇತ್ತಂತೆ. ನೆಲದೊಳಗೆ ತೋಡಿದ ಕಣಜ. ಬಾಯಿ ತೆಗೆದ ಕೂಡಲೇ ಯಾರನ್ನೂ ಇಳಿಸುತ್ತಿರಲಿಲ್ಲ. ಮೊದಲು ದೀಪ ಇಳಿಬಿಡುತ್ತಿದ್ದರು. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ಇದೆ ಅಂತ ಅರ್ಥ, ಉರಿದರೆ ಇಳಿಯಬಹುದು. ಆ ಗಾಳಿಯಲ್ಲಿ ಹುಳವೂ ಬದುಕುತ್ತಿರಲಿಲ್ಲ, ಅದಕ್ಕೇ ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಬರ ಬಂದ ವರ್ಷ ಹಗೇವು ಊರನ್ನು ಕಾಯುತ್ತಿತ್ತು ಅಂತ ಮಾವ ಹೇಳುತ್ತಿದ್ದರು. ಈಗ ಕೊಯ್ಲಾದ ವಾರಕ್ಕೇ ಮಾರಬೇಕು, ಇಡೋಕೆ ಜಾಗವಿಲ್ಲ. ರಾಗಿಗೆ ಬೆಂಬಲ ಬೆಲೆ ಇದೆ, 2025-26ಕ್ಕೆ ಕ್ವಿಂಟಾಲಿಗೆ 4,886 ರೂಪಾಯಿ. ಕೊರಲೆ, ಸಾಮೆ, ನವಣೆಗೆ ಅಂತ ಆ ವರ್ಷ ಬೇರೆ ಬೆಂಬಲ ಬೆಲೆ ಇರಲಿಲ್ಲ. ಸಿಪ್ಪೆ ತೆಗೆದ ಅಕ್ಕಿಯೂ ಸಜ್ಜೆ ಹಿಟ್ಟೂ ಬೇಗ ಕಹಿಯಾಗುತ್ತವೆ. ಊರ ಮಟ್ಟದಲ್ಲಿ ಕೂಡಿಡುವ ಅಗ್ಗದ ದಾರಿ ಹುಡುಕಿಕೊಡಿ. ಹಗೇವಿನ ಬುದ್ಧಿ ನಮ್ಮದೇ ಇದೆ, ಅದಕ್ಕೆ ಇವತ್ತಿನ ರೂಪ ಕೊಡಬೇಕು.

ಡ್ರೋನ್ ಬೇಡ, ಉಪಗ್ರಹ ಬೇಡ ಅಂತ ನಾನು ಹೇಳುವುದಿಲ್ಲ. ಮಳೆ ಯಾವಾಗ ಅಂತ ಫೋನಿಗೆ ಬರುವ ಸಂದೇಶ ನಾನೂ ನೋಡುತ್ತೇನೆ. ಎಷ್ಟೋ ಸಲ ಉಪಯೋಗ ಆಗಿದೆ. ಆದರೆ ದುಡ್ಡು ಹಂಚುವಾಗ ಒಂದು ಮಾತು ಕೇಳಿಕೊಳ್ಳಿ. ಈ ಕೆಲಸ ಮುಗಿದ ದಿನ ಯಾರ ಮೈ ಹಗುರಾಗುತ್ತೆ? ಯಾರ ತಟ್ಟೆ ತುಂಬುತ್ತೆ? ಕೃಷಿ ಸಂಶೋಧನೆಗೆ ಹಾಕಿದ ಒಂದೊಂದು ರೂಪಾಯಿಗೂ 13.85 ರೂಪಾಯಿ ವಾಪಸು ಬರುತ್ತದೆ ಅಂತ 2023-24ರ ಕೇಂದ್ರದ ಆರ್ಥಿಕ ಸಮೀಕ್ಷೆಯಲ್ಲೇ ಬರೆದಿದ್ದಾರೆ. ಹಾಗಾದರೆ ಇನ್ನೂ ಜಾಸ್ತಿ ದುಡ್ಡು ಹಾಕಿ ಅಂತ ನಾವೂ ನಿಮ್ಮ ಜೊತೆ ನಿಂತು ಸರ್ಕಾರವನ್ನು ಕೇಳುತ್ತೇವೆ. ಆ ವಾಪಸು ಬರುವ ದುಡ್ಡಿನಲ್ಲಿ ನಮ್ಮ ಸೀಮೆಗೆ ಎಷ್ಟು ಬಂತು ಅಂತಲೂ ಕೇಳುತ್ತೇವೆ.

ನನ್ನ ಕೋರಿಕೆ ದೊಡ್ಡದಲ್ಲ. ಪಟ್ಟಿ ಅಚ್ಚು ಹಾಕಿಸಿ ಆಮೇಲೆ ನಮ್ಮನ್ನು ಕರೆಯಬೇಡಿ. ಬಿಳಿ ಹಾಳೆ ಹಿಡಿದು ಬನ್ನಿ. ರಾಜ್ಯವನ್ನು ಹತ್ತು ಕೃಷಿ ವಲಯ ಅಂತ ನೀವೇ ಮಾಡಿದ್ದೀರಿ. ಒಂದೊಂದು ವಲಯದಲ್ಲೂ ನಾಲ್ಕು ಊರಲ್ಲಿ ಕೂತು ಕೇಳಿ. ಕೂತವರಲ್ಲಿ ಅರ್ಧ ಹೆಂಗಸರಿರಲಿ, ಯಾಕೆಂದರೆ ಬೀಜ ಎತ್ತಿಡುವವರು, ಕಳೆ ಕೀಳುವವರು, ಕುಟ್ಟುವವರು, ಬೇಯಿಸುವವರು ನಾವೇ. ಗಂಡಸರ ಮುಂದೆ ಮಾತಾಡದವರು ಇರುತ್ತಾರೆ, ಅವರನ್ನು ಬೇರೆ ಕೂರಿಸಿ ಕೇಳಿ. ಹೊಲ ಇಲ್ಲದ ಕೂಲಿಯವರನ್ನು ಬಿಡಬೇಡಿ. ಕೃಷಿ ವಿಜ್ಞಾನ ಕೇಂದ್ರಗಳ ಸಲಹಾ ಸಮಿತಿಗಳಲ್ಲಿ ರೈತರಿಗೆ ಕುರ್ಚಿ ಇದೆ, ಸಂತೋಷ. ಆ ಕುರ್ಚಿಯಲ್ಲಿ ಕೂತವರ ಮಾತಿಗೆ ಮತವೂ ಇರಲಿ. ನಾವು ಕೇಳಿದ್ದರಲ್ಲಿ ಯಾವುದನ್ನು ತೆಗೆದುಕೊಂಡಿರಿ, ಯಾವುದನ್ನು ಬಿಟ್ಟಿರಿ, ಯಾಕೆ ಬಿಟ್ಟಿರಿ ಅಂತ ಕನ್ನಡದಲ್ಲಿ ಬರೆದು ಪಂಚಾಯಿತಿ ಗೋಡೆಗೆ ಅಂಟಿಸಿ. ಬಿಟ್ಟಿದ್ದಕ್ಕೆ ಕಾರಣ ಇದ್ದರೆ ನಾವು ಒಪ್ಪಿಕೊಳ್ಳುತ್ತೇವೆ. ಕಾರಣ ಹೇಳದೇ ಬಿಟ್ಟರೆ ಮನಸ್ಸಿಗೆ ನೋವಾಗುತ್ತದೆ. ಆ ಅಜ್ಜಿಗೆ ಆಗಿದ್ದು ಅದೇ. ವಾಪಸು ಬರುವಾಗ ಬಸ್ಸಿನಲ್ಲಿ ಒಂದು ಮಾತೂ ಆಡಲಿಲ್ಲ.

ಮುಂದಿನ ಸಭೆಯನ್ನು ಪುನರ್ವಸು, ಪುಷ್ಯ ಮಳೆಯ ಹೊತ್ತಿಗೆ ಇಡಬೇಡಿ, ಬಿತ್ತನೆ ಕಾಲ, ಯಾರೂ ಬರುವುದಿಲ್ಲ. ಸಂಕ್ರಾಂತಿ ಕಳೆದ ಮೇಲೆ ಇಡಿ. ಒಕ್ಕಣೆ ಮುಗಿದಿರುತ್ತದೆ, ಎಲ್ಲರೂ ಬಿಡುವಾಗಿರುತ್ತಾರೆ. ನಮ್ಮ ಹೊಲದ ಹುಣಿಸೆ ಮರದ ಕೆಳಗೆ ಐವತ್ತು ಜನ ಕೂರಬಹುದು. ಅಜ್ಜಿಗೂ ಹೇಳಿದ್ದೇನೆ. ಒರಳು, ಒನಕೆ, ಮೊರ ತರುತ್ತಾಳೆ. ಊಟಕ್ಕೆ ಕೊರಲೆ ಅನ್ನ, ಅವರೆಕಾಳು ಸಾರು. ಎರಡು ಸೇರು ಕೊರಲೆಯನ್ನು ಸಿಪ್ಪೆ ಸಮೇತ ಎತ್ತಿಟ್ಟಿದ್ದೇವೆ. ನೀವು ಬೆಳಗ್ಗೆ ಏಳಕ್ಕೆ ಬಂದು ಕೈ ಹಾಕಿದರೆ ಹನ್ನೊಂದರ ಹೊತ್ತಿಗೆ ಅಕ್ಕಿಯಾಗುತ್ತದೆ.

ಇಂತಿ ನಿಮ್ಮ ವಿಶ್ವಾಸಿ,
ಶಿರಾ ಸೀಮೆಯ ಒಬ್ಬ ರೈತ ಮಹಿಳೆ